ಆಕೆ ಬೇಡವೆಂದದ್ದು ಏನನ್ನು?

ನನ್ನ ತಮ್ಮನ ಮಗಳು ಈಚೆಗೆ ಒಂದು ಕಂಪನಿಯಲ್ಲಿ ಸಭೆಗಳ ನಡಾವಳಿ ಬರೆಯುವ ಕೆಲಸಕ್ಕೆ ಸೇರಿದಳು. ಸೇರಿದ ವಾರದಲ್ಲೇ ಫೋನು ಮಾಡಿ, "ಅತ್ತಿ, ಇದೇನ್ ಕೆಲಸ! ಎಲ್ಲಾ ಮಷೀನ ಬರಕೊಳ್ತೈತಿ. ನಾ ಸುಮ್ಮ ಕುಂತು ಚಹಾ ಕುಡೀತೀನಿ," ಎಂದಳು.

"ಮಷೀನು ಬರೆದದ್ದನ್ನ ಓದಿ ನೋಡ್ತೀಯೇನವ್ವಾ?" ಎಂದೆ.

"ಯಾಕ?" ಎಂದಳು.

ಆ 'ಯಾಕ'ಕ್ಕೆ ಫೋನಿನಲ್ಲಿ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಅವಳಿಗೂ, ಅವಳಂತೆ ಬೇರೆಯವರ ಮಾತನ್ನು ಕಾಗದಕ್ಕಿಳಿಸಿ ಸಂಬಳ ಪಡೆಯುವ ಇತರರಿಗೂ.

ನಾನು ಮೂವತ್ತೊಂದು ವರ್ಷ ಸ್ಟೆನೋಗ್ರಾಫರ್ ಆಗಿದ್ದೆ. ತಾರ್ನಾಕದಲ್ಲಿ, ವಿಶ್ವವಿದ್ಯಾಲಯದ ಕಾಂಪೌಂಡಿಗೆ ಅಂಟಿಕೊಂಡಂತೆ ಎರಡಂತಸ್ತಿನ ಒಂದು ಹಳೆಯ ಬಂಗಲೆಯಿತ್ತು. ಅದೇ ನಮ್ಮ ಅಧ್ಯಯನ ಸಂಸ್ಥೆ. ಒಂದು ದೇಶದ ಜನ ತಮ್ಮತಮ್ಮಲ್ಲೇ ಹೊಡೆದಾಡಿಕೊಳ್ಳುವಾಗ ಹೊರಗಿನ ಸೈನ್ಯ ನಡುವೆ ಹೋಗಬೇಕೆ, ಹೋದರೆ ಕೆಲಸ ಕೆಡುವುದೇಕೆ ಎಂಬುದು ಅಲ್ಲಿನವರ ಮುಖ್ಯ ಚಿಂತೆ. ಚಿಂತಿಸುವವರಲ್ಲಿ ಯಾರೂ ಯುದ್ಧ ಕಂಡವರಲ್ಲ. ಅವರು ಮಾತಾಡುತ್ತಿದ್ದರು, ನಾನು ಬರೆಯುತ್ತಿದ್ದೆ.

ನಮ್ಮ ತಂದೆ ರಾಯಚೂರಿನಿಂದ ತೆಲುಗು, ಉರ್ದು ಆಡುವ ಆ ಊರಿಗೆ ಬಂದು ಹಿಮಾಯತ್‌ನಗರದ ಬಟ್ಟೆಯಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಂಗಡಿಯ ಮೇಲಿನ ಮಹಡಿಯಲ್ಲಿ ಟೈಪಿಂಗ್ ಕಲಿಸುವ ಶಾಲೆಯಿತ್ತು. ಮಗಳು ತಮ್ಮ ಕಣ್ಣ ಮುಂದೆಯೇ ಮೆಟ್ಟಿಲು ಹತ್ತಿ ಇಳಿಯುತ್ತಾಳೆಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ಅಲ್ಲಿಗೆ ಸೇರಿಸಿದರು. ಶಾರ್ಟ್‌ಹ್ಯಾಂಡ್ ಎಂದರೆ ಗೆರೆಗಳ ಬರವಣಿಗೆ. ಅವಸರದಲ್ಲಿ ಸ್ವರಗಳನ್ನು ಬಿಟ್ಟು ವ್ಯಂಜನಗಳನ್ನಷ್ಟೇ ಹಾಕುತ್ತೇವೆ. 'ಪ'ಕಾರಕ್ಕೆ ತೆಳು ಗೆರೆ, 'ಬ'ಕಾರಕ್ಕೆ ಅದೇ ಗೆರೆ ದಪ್ಪ. ಪೆನ್ಸಿಲ್ ಸ್ವಲ್ಪ ಮೊಂಡಾದರೆ ಸಾಕು, ಎರಡೂ ಒಂದೇ ಆಗಿಬಿಡುತ್ತವೆ.

ನನ್ನ ಮೊದಲ ದೊಡ್ಡ ಎಡವಟ್ಟು ಆದದ್ದು ಹಾಗೆಯೇ. ನಿರ್ದೇಶಕರಾದ ರಾಮನಾಥರಾವ್ ಅವರು ಒಂದು ಭಾಷಣ ಹೇಳಿ ಬರೆಸಿದ್ದರು. ಶಾಂತಿಯೆಂಬ ಅರ್ಥದ 'ಪೀಸ್' ಎಂಬ ಪದ ಅದರಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತಿತ್ತು. ನನ್ನ ಪೆನ್ಸಿಲ್ ಮೊಂಡಾಗಿತ್ತು. ಮರುದಿನ ಅವರು ತುಂಬಿದ ಸಭೆಯಲ್ಲಿ ಕನ್ನಡಕ ಏರಿಸಿಕೊಂಡು ಓದಿದರು: "ಆ ದೇಶದ ಜನ ಹದಿನೈದು ವರ್ಷಗಳಿಂದ ಬಸ್ಸಿಗಾಗಿ ಕಾಯುತ್ತಿದ್ದಾರೆ. ಬಸ್ಸು ತರುತ್ತೇವೆಂದು ವಿದೇಶಿ ಸೇನೆಗಳು ಬಂದವು. ಸೇನೆಗಳು ಹೋದವು. ಬಸ್ಸು ಬರಲಿಲ್ಲ."

ಮೂರನೆಯ ಬಸ್ಸಿಗೆ ಅವರಿಗೆ ಗೊತ್ತಾಯಿತು. ಸಭಿಕರಿಗೆ ಮಾತ್ರ ಏನೂ ವಿಚಿತ್ರವೆನಿಸಿರಲಿಲ್ಲ. ನಾಚಾರಂ ಕಡೆಯಿಂದ ದಿನಾ ಬಸ್ಸಿಗೆ ಕಾದು ಬರುವವರು ಬಹಳ ಮಂದಿ ಅಲ್ಲಿದ್ದರು. ಮುಂದಿನ ಸಾಲಿನ ಹಿರಿಯರೊಬ್ಬರು ತಲೆಯಾಡಿಸಿ, "ಸಹೀ ಬೋಲೇ ಸಾಬ್, ಸರಿಯಾಗಿ ಹೇಳಿದಿರಿ," ಎಂದರು. ಚಪ್ಪಾಳೆ ಬಿತ್ತು.

ನಾನು ರಾಜೀನಾಮೆ ಬರೆದಿಟ್ಟುಕೊಂಡು ಕಾದೆ. ರಾವ್ ಅವರು ಬಂದು, "ಸುಮಿತ್ರಗಾರೂ, ಹತ್ತು ವರ್ಷದಿಂದ ಶಾಂತಿಯ ಬಗ್ಗೆ ಮಾತಾಡ್ತಿದೀನಿ. ಇವತ್ತು ಬಸ್ಸಿಗೆ ಬಂದಷ್ಟು ಚಪ್ಪಾಳೆ ಯಾವತ್ತೂ ಬಂದಿರಲಿಲ್ಲ," ಎಂದು ಹೇಳಿ ಒಳಗೆ ಹೋದರು. ಅವರು ತೆಲುಗು ಇಂಗ್ಲಿಷ್ ಬೆರೆಸಿ ಮಾತಾಡುವವರು. ನಾನಿಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಅಂದಿನಿಂದ ಟೈಪು ಮಾಡಿದ ಯಾವ ಹಾಳೆಯನ್ನೂ ಒಮ್ಮೆ ಓದದೆ ಕೈಬಿಡಬಾರದೆಂದು ನಿಯಮ ಮಾಡಿಕೊಂಡೆ. ಕ್ರಮೇಣ ಆ ನಿಯಮದಿಂದ ನನಗೆ ಕೊಂಚ ಜಂಬವೂ ಬಂತು. ಹೇಳಿದ್ದನ್ನು ಹೇಳಿದಂತೆಯೇ ಬರೆಯುವವಳು ಎಂದು ನನ್ನ ಬಗ್ಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆಮೇಲೆ ಕಂಪ್ಯೂಟರಿನ ಕಾಲ ಬಂತು. ಊರಿನ ಇನ್ನೊಂದು ತುದಿಯಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದವು. ಅಮೀರ್‌ಪೇಟೆಯ ಗೋಡೆಗಳ ಮೇಲೆ ಕೋರ್ಸುಗಳ ಪೋಸ್ಟರು ಬಿಟ್ಟರೆ ಸುಣ್ಣ ಕಾಣುತ್ತಿರಲಿಲ್ಲ. ನನ್ನ ಜೊತೆಗಿದ್ದ ಇನ್ನೊಬ್ಬ ಸ್ಟೆನೋ ವಿಮಲಾ, ಅಮೆರಿಕದ ಡಾಕ್ಟರುಗಳ ಧ್ವನಿ ಕೇಳಿ ಟೈಪು ಮಾಡುವ ಕೆಲಸಕ್ಕೆ ಹೊರಟುಹೋದಳು. "ನೀನೂ ಬಾ, ಇಲ್ಲಿ ಯುದ್ಧ, ಅಲ್ಲಿ ಬರೀ ಮೂಲವ್ಯಾಧಿ, ಬಹಳ ಆರಾಮ," ಎಂದು ಕರೆದಳು. ನಾನು ಹೋಗಲಿಲ್ಲ. ಅವಳ ಕುರ್ಚಿಗೆ ಬದಲಾಗಿ ಸಂಸ್ಥೆಗೆ ಒಂದು ಸಾಫ್ಟ್‌ವೇರ್ ಬಂತು. ಮೈಕಿನ ಮುಂದೆ ಮಾತಾಡಿದರೆ ಅದು ತಾನೇ ಟೈಪು ಮಾಡುತ್ತದಂತೆ. ಅದು ಸರಿಹೋದರೆ ನನ್ನ ಹುದ್ದೆಯೂ ಬೇಕಾಗಿಲ್ಲ, ಆಡಳಿತ ಮಂಡಳಿ ಮುಂದಿನ ವಿಚಾರ ಸಂಕಿರಣದ ನಂತರ ತೀರ್ಮಾನಿಸುತ್ತದೆ ಎಂದು ರಾವ್ ಅವರು ಸಂಕೋಚದಿಂದಲೇ ಹೇಳಿದರು.

ಆ ಸಾಫ್ಟ್‌ವೇರಿಗೆ ಒಂದು ವಾರ ಅವರು ಮಗುವಿಗೆ ಓದಿ ಹೇಳಿದಂತೆ ಹೇಳಿಕೊಟ್ಟರು. ಅಂತರ್ಯುದ್ಧಕ್ಕೆ ಇಂಗ್ಲಿಷಿನಲ್ಲಿ 'ಸಿವಿಲ್ ವಾರ್' ಎಂದರೆ, ಅದು ಪ್ರತಿ ಸಲವೂ 'ಸಿಲ್ವರ್' ಎಂದು ಬರೆಯಿತು. ಕಡೆಗೆ ಹೊರಬಿದ್ದ ಹಾಳೆಯಲ್ಲಿ, ಪರದೇಶದ ಸೈನ್ಯಗಳು ಇನ್ನೊಬ್ಬರ ಬೆಳ್ಳಿಗೆ ಕೈಹಾಕಬಾರದೆಂಬ ಖಡಕ್ಕಾದ ಉಪದೇಶವಿತ್ತು. ರಾವ್ ಅವರು ಅದನ್ನು ಎರಡು ಸಲ ಓದಿ, "ತಾತ್ಪರ್ಯ ತಪ್ಪೇನಿಲ್ಲ," ಎಂದರು.

ಆ ವಿಚಾರ ಸಂಕಿರಣವೂ ಬಂತು. ಎರಡು ದಿನದ ಚರ್ಚೆ. ಒಂದು ಕಡೆ ನಮ್ಮ ರಾವ್ ಅವರು: ಪರರ ಅಂತರ್ಯುದ್ಧಕ್ಕೆ ಸೈನ್ಯ ಕಳಿಸುವುದೇ ತಪ್ಪು. ಇನ್ನೊಂದು ಕಡೆ ವಿಶ್ವವಿದ್ಯಾಲಯದ ಪ್ರೊಫೆಸರ್ ಖಾದ್ರಿ: ಕಳಿಸುವುದು ತಪ್ಪಲ್ಲ, ತಯಾರಿಯಿಲ್ಲದೆ ಕಳಿಸುವುದು ತಪ್ಪು. ಇಬ್ಬರೂ ಇಪ್ಪತ್ತು ವರ್ಷದಿಂದ ಇದನ್ನೇ ವಾದಿಸುತ್ತ, ಹಿಮಾಯತ್‌ನಗರದಿಂದ ಒಂದೇ ಕಾರಿನಲ್ಲಿ ಬರುತ್ತಿದ್ದರು. ಕಾರಿನಿಂದ ಇಳಿಯುವಾಗಲೇ ಇಬ್ಬರ ಮುಖವೂ ಕೆಂಪಾಗಿರುತ್ತಿತ್ತು.

ಮೊದಲ ದಿನ ಮಧ್ಯಾಹ್ನ ಊಟದ ತಟ್ಟೆ ಹಿಡಿದೇ ಇಬ್ಬರೂ ಶುರುಮಾಡಿದರು. ದೆಹಲಿಯಿಂದ ಬಂದಿದ್ದ ವಿದ್ವಾಂಸರೊಬ್ಬರು ಪಾಪ, ಒಳ್ಳೆಯ ಮನಸ್ಸಿನಿಂದಲೇ ನಡುವೆ ಬಂದು, "ನೋಡಿ, ನೀವಿಬ್ಬರೂ ಹೇಳುತ್ತಿರುವುದು ಒಂದೇ," ಎಂದರು. ಇಬ್ಬರೂ ಒಮ್ಮೆಗೇ ಅವರ ಕಡೆ ತಿರುಗಿದರು.

"ಒಂದೇನಾ? ನಮ್ಮ ಪ್ರಬಂಧ ಓದಿದ್ದೀರಾ?" ಎಂದರು ರಾವ್.

"ಇವರ ಪ್ರಬಂಧ ಓದದೆ ಇವರನ್ನ ಬೈಯೋ ಹಕ್ಕು ನನಗೂ ಇಲ್ಲ ಜೀ, ನಿಮಗೆಲ್ಲಿಂದ ಬಂತು?" ಎಂದರು ಖಾದ್ರಿ.

ದೆಹಲಿಯವರು ತಟ್ಟೆ ಎತ್ತಿಕೊಂಡು ಬೇವಿನ ಮರದ ಕೆಳಗೆ ಡ್ರೈವರುಗಳ ಜೊತೆ ಊಟ ಮುಗಿಸಿದರು. ಸಂಜೆ ಅವರದೇ ಪ್ರಬಂಧವಿತ್ತು. ವಿಷಯ, ಸಂಧಾನದ ಹೊಸ ದಾರಿಗಳು. ತಲೆನೋವೆಂದು ಅವರು ಓದಲಿಲ್ಲ.

ಹೀಗೆ ಮುಕ್ಕಾಲು ಗಂಟೆ ಖಾಲಿ ಉಳಿಯಿತು; ಖಾದ್ರಿಯವರು ಎದ್ದು ತಮ್ಮ ವಾದ ಮುಂದುವರಿಸಿದರು. ಅದೇ ಹೊತ್ತಿಗೆ ವೇದಿಕೆಯ ಮೈಕೂ ಕೆಟ್ಟಿತು. ನಮ್ಮ ವಾಚ್‌ಮನ್ ಸಿದ್ದಪ್ಪ ಕೈಯಲ್ಲಿ ಹಿಡಿಯುವ ಇನ್ನೊಂದು ಮೈಕು ತಂದು ಖಾದ್ರಿಯವರ ಪಕ್ಕ ನಿಂತರು. ಸಿದ್ದಪ್ಪ ಲಿಂಗಸುಗೂರು ಕಡೆಯವರು, ಐವತ್ತರ ಹತ್ತಿರ ಬಂದವರು, ಫೌಜಿನಿಂದ, ಎಂದರೆ ಸೈನ್ಯದಿಂದ, ನಿವೃತ್ತರಾಗಿ ನಮ್ಮ ಗೇಟಿಗೆ ಬಂದವರು. ಆ ಬಂಗಲೆಯಲ್ಲಿ ನಾನು ಕನ್ನಡ ಮಾತಾಡುತ್ತಿದ್ದುದು ಅವರೊಬ್ಬರ ಜೊತೆ ಮಾತ್ರ. ಆದರೂ ಅವರು ಫೌಜಿನಲ್ಲಿ ಏನು ಮಾಡುತ್ತಿದ್ದರೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಖಾದ್ರಿ ಸಾಹೇಬರು ವಾದದ ಬಿಸಿಯಲ್ಲಿ, "ಇಷ್ಟು ಮಾತಾಡ್ತೀವಲ್ಲ, ಈ ಹಾಲಿನಲ್ಲಿ ಅಂಥ ಯುದ್ಧಕ್ಕೆ ನಿಜವಾಗಿ ಹೋದವರು ಒಬ್ಬರಾದರೂ ಇದ್ದೀರಾ?" ಎಂದು ಕೇಳಿದರು. ಉತ್ತರ ಬೇಕಾಗಿ ಕೇಳಿದ್ದಲ್ಲ.

"ನಾನು ಹೋಗಿದ್ದೆ ಸಾಬ್," ಎಂದರು ಸಿದ್ದಪ್ಪ. ಮೈಕು ಅವರ ಕೈಯಲ್ಲೇ ಇತ್ತು. ಇಡೀ ಹಾಲಿಗೆ ಕೇಳಿಸಿತು.

ಯಾವ ದೇಶವೆಂದು ನಾನಿಲ್ಲಿ ಬರೆಯುವುದಿಲ್ಲ. ಬರೆಯಬೇಡಿರೆಂದು ಆಮೇಲೆ ಅವರೇ ಕೇಳಿಕೊಂಡರು. ಸಮುದ್ರ ದಾಟಿ ಹೋಗಿದ್ದರು, ಅಷ್ಟು ಸಾಕು. ಅವರು ಹೇಳಿದ್ದು ಫೌಜಿನ ಹಿಂದಿಯಲ್ಲಿ. ಯಾರು ಯಾವ ಭಾಷೆ ಆಡಿದರೂ ನಾನು ಗೆರೆ ಎಳೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಅವರ ಮಾತನ್ನು ಈಗ ಅವರ ಕನ್ನಡದಲ್ಲೇ ಕೊಡುತ್ತೇನೆ.

"ನಮ್ಮ ತುಕಡ್ಯಾಗ ಎಲ್ಲಾರೂ ಉತ್ತರದ ಮಂದಿ. ನಾ ಒಬ್ಬನ ಈ ಕಡೆಯಾಂವ. ಸಾಬ್ರು ಕರದು, 'ನೀ ಮದರಾಸಿ, ಈ ಮಂದಿ ಮಾತು ನಿನಗ ತಿಳೀತೈತಿ' ಅಂದ್ರು. 'ನಾ ಮದರಾಸಿ ಅಲ್ಲ ಸಾಬ್, ರಾಯಚೂರ ಜಿಲ್ಲಾ' ಅಂದೆ. 'ಎಲ್ಲಾ ಒಂದ' ಅಂದ್ರು. ಅವತ್ತಿಂದ ನಾನ ದುಭಾಷಿ. ಗಾಡಿ ಬಂದ್ರ 'ನಿಲ್ಲು' ಅಂತಿದ್ದೆ, ನಿಲ್ಲತಿದ್ರು. ಆ ಒಂದು ಮಾತು ಅವರದೂ ನಮ್ಮದೂ ಒಂದ ಐತಿ. ಅದರಿಂದ ನನಗ ಭಾಳ ಬರತೈತಿ ಅಂತ ಎಲ್ಲಾರೂ ತಿಳಕೊಂಡ್ರು."

ಹಾಲಿನಲ್ಲಿ ನಗು ಎದ್ದಿತು. ಸಿದ್ದಪ್ಪನವರೂ ಸ್ವಲ್ಪ ನಕ್ಕರು.

"ಒಂದಿನ ಒಬ್ಬಾಕಿ ಅಮ್ಮ ಬಂದು ನಮ್ಮ ಟ್ರಕ್ಕಿನ ಮುಂದ ನಿಂತಳು. ಹತ್ತು ಮಿನಿಟು ಒಂದ ಸವನ ಮಾತಾಡಿದಳು. ಕೈ ಮುಗದಳು, ಬೈದಳು, ಅತ್ತಳು. 'ಏನಂತಾಳ?' ಅಂದ್ರು ಸಾಬ್ರು. ನನಗ ತಿಳದದ್ದು ಒಂದ ಮಾತು. 'ಬ್ಯಾಡ ಅಂತಾಳ ಸಾಬ್' ಅಂದೆ. 'ಏನು ಬ್ಯಾಡಂತ?' 'ಅದು ತಿಳೀಲಿಲ್ಲ ಸಾಬ್.' ಅವರು ಡೈರಿ ತಗದು ಬರಕೊಂಡ್ರು: ಇಲ್ಲಿಯ ಜನಕ್ಕೆ ಬಂಡುಕೋರರು ಬೇಡವಂತೆ. ಮರುದಿನ ಆ ಹಾದೀಲೆ ಹೋದ ನಮ್ಮ ಟ್ರಕ್ಕು ತಿರುಗಿ ಬರಲಿಲ್ಲ. ದುಭಾಷಿ ಬೇಕಂತ ನನ್ನ ಚೌಕ್ಯಾಗ ಇಟ್ಟಿದ್ರು, ಅದಕ್ಕ ಉಳದೆ. ಆಕಿ ಏನು ಬ್ಯಾಡ ಅಂದ್ಲೋ ನನಗ ಇವತ್ತಿಗೂ ತಿಳದಿಲ್ಲ."

ಅವರು ಇನ್ನೂ ಏನೋ ಹೇಳುವವರಿದ್ದರು. ಚಹಾ ಬಂತೆಂದು ಅಧ್ಯಕ್ಷರು ಸಭೆ ಮುಗಿಸಿದರು. ಸಿದ್ದಪ್ಪ ಮೈಕಿನ ತಂತಿ ಸುತ್ತಿಕೊಂಡು ಹೊರಗೆ ಹೋದರು. ಚಹಾದ ಹೊತ್ತಿನಲ್ಲಿ ಅವರ ಹತ್ತಿರ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ, ಅಚ್ಚುಕಟ್ಟಾಗಿ ಬಂದಿವೆಯೇ ಎಂದು ನನ್ನ ಗೆರೆಗಳನ್ನು ನೋಡಿಕೊಳ್ಳುತ್ತಿದ್ದೆ.

ಎರಡು ದಿನ ಬಿಟ್ಟು ರಾವ್ ಅವರು ನನ್ನ ಮೇಜಿನ ಬಳಿ ಬಂದರು. "ಸುಮಿತ್ರಗಾರೂ, ಸಿದ್ದಪ್ಪನ ಮಾತು ಅದ್ಭುತವಾಗಿದೆ. ಸಂಕಿರಣದ ಪುಸ್ತಕ ತರ್ತೀವಲ್ಲ, ಅದರಲ್ಲಿ ಹಾಕೋಣ. ಆದರೆ ಓದುಗರಿಗೆ ಸ್ಪಷ್ಟವಾಗಬೇಕಲ್ಲವೇ? ಆ ಮುದುಕಿ 'ಬೇಡ' ಎಂದಳು ಅನ್ನುವಲ್ಲಿ ಆವರಣದೊಳಗೆ 'ವಿದೇಶಿ ಸೈನ್ಯ' ಅಂತ ಒಂದು ಪದ ಸೇರಿಸಿ."

"ಅವರು ಹಾಗೆ ಹೇಳಲಿಲ್ಲ ಸರ್."

"ಹೇಳಲಿಲ್ಲ. ಆದರೆ ಇನ್ನೇನಿದ್ದೀತು?"

ಅರ್ಧ ಗಂಟೆಯೊಳಗೆ ಖಾದ್ರಿ ಸಾಹೇಬರ ಫೋನು. "ಮೇಡಂ, ಆ ಬುಡ್ಢಿಯ ಮಾತು ಇದೆಯಲ್ಲ, ಅಲ್ಲಿ 'ಈ ಹಾದಿ ಬೇಡ' ಅಂತ ಬರೀರಿ. ಆಕೆ ಸೈನ್ಯವನ್ನ ಕಾಪಾಡೋಕೆ ಬಂದಿದ್ದಳು. ಒಬ್ಬ ಸರಿಯಾದ ದುಭಾಷಿ ಇದ್ದಿದ್ದರೆ ಟ್ರಕ್ ಉಳೀತಿತ್ತು. ನಾನು ಇಪ್ಪತ್ತು ವರ್ಷದಿಂದ ಹೇಳ್ತಿರೋದು ಇದನ್ನೇ ಅಲ್ವಾ?"

"ರಾವ್ ಸರ್ ಬೇರೆ ಹೇಳ್ತಾರೆ ಸಾಹೇಬರೆ."

"ಅವರ ಮಾತು ನಕ್ಕೋ ಜೀ, ಕೇಳಲೇಬೇಡಿ! ಅವರು ಅಲ್ಲಿ ಇದ್ದರೇನು?"

ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ನನ್ನ ಹುದ್ದೆಯ ತೀರ್ಮಾನ ಮುಂದಿನ ತಿಂಗಳಿತ್ತು. ನನ್ನ ಪರ ಮಾತಾಡಬೇಕಾದವರು ರಾವ್ ಅವರು, ಮಂಡಳಿಯಲ್ಲಿ ಕೈಯೆತ್ತಬೇಕಾದವರಲ್ಲಿ ಖಾದ್ರಿಯವರೂ ಒಬ್ಬರು. ಗೇಟಿನ ಕೋಣೆಗೆ ಹೋಗಿ ಸಿದ್ದಪ್ಪನವರಿಗೆ ವಿಷಯ ಹೇಳಿದೆ.

"ಇಬ್ಬರೂ ದೊಡ್ಡವರ ಅದಾರ," ಎಂದರು ಅವರು ಯೋಚಿಸಿ. "ಆದ್ರ ಅಕ್ಕಾರ, ನಾ ತಿಳೀಲಿಲ್ಲ ಅಂದದ್ದು ತಿಳೀಲಿಲ್ಲ ಅಂತನ ಇರಲಿ. ಒಮ್ಮೆ ಒಬ್ಬರು ಡೈರ್ಯಾಗ ಬರದು ಆಗೈತಿ."

ನಾನು ಏನನ್ನೂ ಸೇರಿಸದೆ, ಇಬ್ಬರಿಗೂ ತೋರಿಸದೆ, ಹಾಳೆಗಳನ್ನು ನಾಚಾರಂನ ಮುದ್ರಣಾಲಯಕ್ಕೆ ನಾನೇ ಒಯ್ದುಕೊಟ್ಟೆ. ಕರಡು ತಿದ್ದಿದ್ದೂ ಅಲ್ಲೇ ಕುಳಿತು. ಅಂಥ ಧೈರ್ಯ ನನಗೆ ಅದಕ್ಕೆ ಮೊದಲು ಬಂದಿರಲಿಲ್ಲ. ಬಸ್ಸಿನಲ್ಲಿ ಮರಳುವಾಗ, ವಿಮಲಾ ಕೊಟ್ಟಿದ್ದ ಫೋನ್ ನಂಬರು ಪರ್ಸಿನಲ್ಲಿದೆಯೇ ಎಂದು ಎರಡು ಸಲ ನೋಡಿಕೊಂಡೆ.

ಪುಸ್ತಕ ಬಂದ ದಿನ ರಾವ್ ಅವರು ಪುಟ ತಿರುವಿ, "ನನ್ನ ಆವರಣ ಎಲ್ಲಿ?" ಎಂದರು. ಖಾದ್ರಿಯವರು ಫೋನಿನಲ್ಲಿ, "ನನ್ನ ಹಾದಿ ಎಲ್ಲಿ?" ಎಂದರು. ಒಬ್ಬರದನ್ನು ಸೇರಿಸಿ ಇನ್ನೊಬ್ಬರದನ್ನು ಬಿಡುವುದು ಸರಿಯಲ್ಲವೆಂದು ಎರಡನ್ನೂ ಬಿಟ್ಟೆ ಎಂದೆ. ಇಬ್ಬರೂ ನನ್ನ ಜೊತೆ ಮೂರು ದಿನ ಮಾತು ಬಿಟ್ಟರು. ಆ ಮೂರು ದಿನ ಕಾರಿನಲ್ಲಿ ಇಬ್ಬರೂ ಜಗಳವಾಡದೆ ಬಂದರೆಂದು ಡ್ರೈವರು ಹೇಳಿದ. ಹುದ್ದೆಯೂ ಉಳಿಯಿತು. ಅದರಲ್ಲಿ ನನ್ನ ಧೈರ್ಯದ ಪಾಲೇನೂ ಇರಲಿಲ್ಲ. ಮಂಡಳಿಯ ಸಭೆಯ ನಡಾವಳಿಯನ್ನು ಸಾಫ್ಟ್‌ವೇರಿಗೆ ಬಿಟ್ಟಿದ್ದರು. ಅದು ಅಧ್ಯಕ್ಷರ ಹೆಸರಿರಬೇಕಾದಲ್ಲೆಲ್ಲ ಒಂದು ತರಕಾರಿಯ ಹೆಸರು ಬರೆದಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ದೊಡ್ಡ ಮನುಷ್ಯಳಾಗಿಯೇ ಉಳಿಯುತ್ತಿದ್ದೆ. ನಿಲ್ಲಿಸಲಿಲ್ಲ. ಒಂದು ಪ್ರತಿ ಹಿಡಿದು ಗೇಟಿನ ಕೋಣೆಗೆ ಹೋದೆ. ಸಿದ್ದಪ್ಪನವರಿಗೆ ಇಂಗ್ಲಿಷ್ ಬಾರದು; ಅವರ ಪುಟವನ್ನು ಕನ್ನಡ ಮಾಡಿ ಓದಿ ಹೇಳತೊಡಗಿದೆ. ಅವರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೇಳಿದರು. "ಒಂದು ದಿನ ಒಬ್ಬ ಮುದುಕಿ ಬಂದು ಟ್ರಕ್ಕಿನ ಮುಂದೆ..." ಎಂಬಲ್ಲಿಗೆ ಬಂದಾಗ ಕೈಯೆತ್ತಿದರು.

"ಮುದುಕಿ? ಯಾವ ಮುದುಕಿ ಅಕ್ಕಾರ?"

"ನೀವ ಹೇಳಿದ್ರಲ್ಲ, ಸಿದ್ದಪ್ಪಣ್ಣ. ಅಮ್ಮ ಬಂದ್ಲು ಅಂತ. ಹಿಂದ್ಯಾಗ ಅಮ್ಮ ಅಂದ್ರ ಮುದುಕೀನ ಅಲ್ಲೇನು?"

"ಹೆಣ್ಣುಮಕ್ಕಳಿಗೆ ಅಮ್ಮ ಅನ್ನದ ಮತ್ತೇನಂತೀವ್ರಿ? ಇಪ್ಪತ್ತು ಇಪ್ಪತ್ತೆರಡು ಇದ್ದೀತು ಆಕಿಗೆ. ಬಗಲಾಗ ಕೂಸಿತ್ತು. ಅದನ್ನ ಹೇಳಾಕತ್ತಿದ್ದೆ, ಅಷ್ಟರಾಗ ಚಹಾ ಅಂದ್ರು."

ಇಬ್ಬರು ವಿದ್ವಾಂಸರಿಗೆ ಒಂದು ಪದ ಸೇರಿಸಲು ಬಿಡದ ನಾನು, ಆ ಹೆಂಗಸಿಗೆ ನಲವತ್ತು ವರ್ಷ ಸೇರಿಸಿಬಿಟ್ಟಿದ್ದೆ. ಕೂಸನ್ನು ಕಂಕುಳಿಂದ ತೆಗೆದೇಬಿಟ್ಟಿದ್ದೆ. ಹಾಳೆಯನ್ನು ಒಮ್ಮೆಯಲ್ಲ, ನಾಲ್ಕು ಸಲ ಓದಿದ್ದೆ. ನನ್ನ ತಪ್ಪು ನನ್ನ ಕಣ್ಣಿಗೆ ತಪ್ಪಾಗಿ ಕಂಡೇ ಇರಲಿಲ್ಲ. ಯಾಕೆಂದರೆ ಕೇಳಬೇಕಾಗಿದ್ದುದು ಕಾಗದವನ್ನಲ್ಲ, ಹೇಳಿದವರನ್ನು.

"ಹೋಗ್ಲಿ ಬಿಡ್ರಿ, ಒಂದ ಮಾತಲ್ಲೇನು," ಎಂದು ಸಿದ್ದಪ್ಪ ನನ್ನನ್ನೇ ಸಮಾಧಾನ ಮಾಡಿದರು. ಆಮೇಲೆ ತಮ್ಮಷ್ಟಕ್ಕೆ, "ಆ ಕೂಸು ಈಗ ದೊಡ್ಡದಾಗಿರತೈತಿ," ಎಂದರು. "ಇದ್ದರ."

ಮರುದಿನ ಬೆಳಗ್ಗೆ ನೇರವಾಗಿ ಉಗ್ರಾಣಕ್ಕೆ ಹೋದೆ. ಅಂಚೆಗೆ ಹೋದ ಪ್ರತಿಗಳಿಗೆ ತಿದ್ದುಪಡಿಯ ಚೀಟಿ ಕಳಿಸಬಹುದಿತ್ತು. ಉಳಿದವುಗಳ ಕಟ್ಟು ಬಿಚ್ಚಿ, ಒಂದೊಂದರಲ್ಲೂ 'ಮುದುಕಿ'ಯನ್ನು ಹೊಡೆದು, ಮೇಲೆ ಸಣ್ಣ ಅಕ್ಷರದಲ್ಲಿ 'ಕೂಸನ್ನೆತ್ತಿಕೊಂಡ ಎಳೆಯ ಹೆಂಗಸು' ಎಂದು ಬರೆಯತೊಡಗಿದೆ. ಹನ್ನೊಂದರ ಸುಮಾರಿಗೆ ರಾವ್ ಅವರು ನನ್ನನ್ನು ಹುಡುಕುತ್ತ ಬಂದರು. ಏನೆಂದು ಕೇಳಿದರು. ಎಲ್ಲ ಹೇಳಿದೆ, ಬೈಗುಳಕ್ಕೆ ಸಿದ್ಧಳಾಗಿ.

ಅವರು ಒಂದು ಪ್ರತಿ ಕೈಗೆತ್ತಿಕೊಂಡು ಆ ಪುಟ ಓದಿದರು. "ನಾನೂ ಮುದುಕಿ ಅಂತಲೇ ಕೇಳಿಸಿಕೊಂಡೆ," ಎಂದರು. "ಖಾದ್ರಿಯೂ. ಹಾಲಿನಲ್ಲಿದ್ದವರೆಲ್ಲರೂ." ನಂತರ ಒಂದು ಕಟ್ಟನ್ನು ತಮ್ಮ ಕಡೆ ಎಳೆದುಕೊಂಡು, ಕೋಟಿನ ಜೇಬಿನಿಂದ ಪೆನ್ನು ತೆಗೆದು, ನೆಲದ ಮೇಲೆಯೇ ಕುಳಿತರು. ಇಬ್ಬರೂ ಮಧ್ಯಾಹ್ನದವರೆಗೆ ಬರೆದೆವು. ನನಗೆ ಅವರ ಮೇಲೆ ಅಷ್ಟು ಗೌರವ ಎಂದೂ ಬಂದಿರಲಿಲ್ಲ.

ಊಟಕ್ಕೆ ಏಳುವ ಮುನ್ನ, ಅಭ್ಯಾಸಬಲದಿಂದ, ಅವರು ಮುಗಿಸಿದ ಒಂದು ಪ್ರತಿ ತೆಗೆದು ಓದಿದೆ. ಸಿದ್ದಪ್ಪನವರ ಪುಟ ಸರಿಯಾಗಿಯೇ ಇತ್ತು. ಆದರೆ ಮುಂದೆ, ಖಾದ್ರಿ ಸಾಹೇಬರ ಪ್ರಬಂಧದ ಅಂಚಿನಲ್ಲಿ, 'ಇದು ಒಪ್ಪತಕ್ಕ ಮಾತಲ್ಲ' ಎಂದು ಮುದ್ದಾದ ಅಕ್ಷರದಲ್ಲಿ ಬರೆದಿತ್ತು. ಇನ್ನೊಂದು ಪ್ರತಿ ತೆಗೆದೆ. ಅದರಲ್ಲೂ ಇತ್ತು. ಹತ್ತರಲ್ಲಿ ಹತ್ತರಲ್ಲೂ ಇತ್ತು.

"ಸರ್!" ಎಂದೆ.

"ಹೇಗೂ ತಿದ್ದುತ್ತಿದ್ದೆವಲ್ಲ," ಎಂದರು ಅವರು, ಇನ್ನೊಂದು ಪ್ರತಿಗೆ ಕೈಚಾಚುತ್ತ.

ಮೂವತ್ತೊಂದು ವರ್ಷದ ನೌಕರಿಯಲ್ಲಿ ಮೇಲಧಿಕಾರಿಯೊಬ್ಬರ ಕೈಯಿಂದ ನಾನು ಪೆನ್ನು ಕಿತ್ತುಕೊಂಡದ್ದು ಅದೊಂದೇ ಸಲ.